ಹರದಾಳದ ಹಳದಿ

ಕೆಂಭಾವಿಯಿಂದ ಸ್ವಲ್ಪ ದೂರದ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾನು ನಾಲ್ಕನೆಯ ತರಗತಿಯ ಶಿಕ್ಷಕಿ. ಚಿತ್ರಕಲೆಗೆಂದು ಬೇರೆ ಶಿಕ್ಷಕರು ಇರಲಿಲ್ಲ. ಶನಿವಾರ ಬೆಳಗಿನ ಶಾಲೆಯ ಕೊನೆಯ ಅವಧಿಯನ್ನು ನಾನೇ ಚಿತ್ರಕ್ಕೆ ಎತ್ತಿಟ್ಟುಕೊಂಡಿದ್ದೆ. ತಿಂಗಳಿಗೊಬ್ಬ ದೊಡ್ಡ ಚಿತ್ರಕಾರನ ಕತೆ ಹೇಳುವುದು, ಆಮೇಲೆ ಅವನ ರೀತಿಯಲ್ಲೇ ಮಕ್ಕಳಿಂದ ಬಿಡಿಸುವುದು. ಬರೀ ಚುಕ್ಕಿಗಳಿಂದ ಚಿತ್ರ ಕಟ್ಟುತ್ತಿದ್ದ ವಿದೇಶದ ಚಿತ್ರಕಾರನ ತಿಂಗಳಲ್ಲಿ ಮಕ್ಕಳು ಶಹಾಪುರದ ಮಲಗಿದ ಬುದ್ಧನ ಬೆಟ್ಟಕ್ಕೆ ಸಾವಿರಾರು ಚುಕ್ಕಿ ಇಟ್ಟರು. ಹಾಸಿಗೆ ಹಿಡಿದ ಮೇಲೂ ಬಣ್ಣದ ಕಾಗದ ಕತ್ತರಿಸಿ ಚಿತ್ರ ಮಾಡಿದ ಮುದುಕನ ತಿಂಗಳಲ್ಲಿ ನಮ್ಮ ಗೋಡೆಯ ತುಂಬ ಮೀನು, ಎಲೆ, ಹಕ್ಕಿ.

ಹೊರಗಿನವರ ಕತೆ ಸಾಕು, ನಮ್ಮವರದನ್ನೂ ಹೇಳಬೇಕು ಅನ್ನಿಸಿತು. ಸುರಪುರದ ಅರಸರ ಕಾಲದಲ್ಲಿ ಅಂಗೈಯಗಲದ ದೇವರ ಪಟಗಳನ್ನು ಬರೆಯುತ್ತಿದ್ದ ಚಿತ್ರಕಾರರಿದ್ದರು. ಅವರು ಕಲ್ಲು ಅರೆದು, ಸೊಪ್ಪು ಹಿಂಡಿ ಬಣ್ಣ ಮಾಡಿಕೊಳ್ಳುತ್ತಿದ್ದರಂತೆ, ಕುಂಚದ ತುದಿಯನ್ನು ತುಟಿಯ ನಡುವೆ ಎಳೆದು ಮೊನೆ ಮಾಡುತ್ತಿದ್ದರಂತೆ ಎಂದು ಮಕ್ಕಳಿಗೆ ಹೇಳಿದೆ. ಹೇಳುವಾಗ ಕೈಯಲ್ಲಿದ್ದ ಪೆನ್ಸಿಲನ್ನು ತುಟಿಗಿಟ್ಟು ತೋರಿಸಿದ್ದೂ ನೆನಪಿದೆ.

ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಸುಣ್ಣ, ಕಪ್ಪಿಗೆ ದೀಪದ ಮಸಿ ಸಿಕ್ಕಿತು. ಹಳದಿಗೆ ಅರಿಶಿನ ಹಚ್ಚಿ ನೋಡಿದರೆ ಎರಡೇ ದಿನಕ್ಕೆ ಮಂಕಾಯಿತು. ಸುರಪುರಕ್ಕೆ ಹೋದಾಗ ಬೇರು ನಾರು, ನಾಟಿ ಔಷಧ ಮಾರುವ ಹಳೆಯ ಅಂಗಡಿಯಲ್ಲಿ ವಿಚಾರಿಸಿದೆ. ಮುದುಕ ಅಂಗಡಿಕಾರ ಒಳಗಿನಿಂದ ಚಿನ್ನದ ಬಣ್ಣದ ಪುಡಿ ತಂದ. ಹೆಸರು ಹರದಾಳ, ಹಿಂದಿನವರು ಇದನ್ನೇ ಹಚ್ಚುತ್ತಿದ್ದರು ಅಂದ. ಬಣ್ಣಕ್ಕೆ ಎಂದು ಹೇಳಿದೆ. ಮಕ್ಕಳ ಕೈಗೆ ಎಂದು ಹೇಳಲಿಲ್ಲ. ಮುಟ್ಟಿದ ಮೇಲೆ ಕೈ ಚಲೋ ತೊಳೆದುಕೊಳ್ಳಿ ಅಂದ. ಕಲೆ ಹೋಗುವುದಿಲ್ಲವೇನೋ ಅಂದುಕೊಂಡೆ.

ಪುಡಿ ಇದ್ದದ್ದು ಸ್ವಲ್ಪ. ಹಾಗಾಗಿ ಒಬ್ಬಳಿಗೇ ಕೊಟ್ಟೆ. ಕೂಲಿಗೆ ಹೋಗುವ ತಾಯಿಯ ಒಬ್ಬಳೇ ಮಗಳು, ತರಗತಿಯಲ್ಲಿ ಎಲ್ಲರಿಗಿಂತ ಸಣ್ಣ ಗೆರೆ ಎಳೆಯುವ ಕೈ ಅವಳದು. ಜಾಲಿ ಅಂಟಿನಲ್ಲಿ ಪುಡಿ ಕಲಸಿ ಬಟ್ಟಲನ್ನೂ ಸಣ್ಣ ಕುಂಚವನ್ನೂ ಅವಳ ಮುಂದಿಟ್ಟೆ. ದೇವರ ಉಡುಗೆಯ ಅಂಚನ್ನು ಅವಳು ತಲೆ ಎತ್ತದೆ ಬರೆದಳು. ಗಂಟೆ ಬಾರಿಸಿದಾಗ ಅವಳ ತುಟಿ ಹಳದಿಯಾಗಿತ್ತು. ಮದುಮಗಳ ಹಾಗೆ ಕಾಣುತ್ತೀಯ ಎಂದು ನಾನು ನಕ್ಕೆ. ಅವಳೂ ನಕ್ಕು, ಅಂಗಿಯ ತೋಳಿಗೆ ಬಾಯಿ ಒರೆಸಿಕೊಂಡು ಓಡಿದಳು.

ಮಕ್ಕಳು ಹೋದ ಮೇಲೆ ಚಿತ್ರಗಳ ಕೆಳಗೆ ಬಣ್ಣಗಳ ಹೆಸರು ಬರೆಯಲು ಕೂತೆ. ಹರದಾಳಕ್ಕೆ ಎರಡು ಸಾಲಿನ ವಿವರ ಇರಲಿ ಎಂದು ಮೊಬೈಲಿನಲ್ಲಿ ಹುಡುಕಿದೆ. ಮೊದಲ ಸಾಲಿನಲ್ಲೇ ಇತ್ತು, ಅದರಲ್ಲಿ ಪಾಷಾಣ, ಅಂದರೆ ಆರ್ಸೆನಿಕ್ ವಿಷ, ಇರುತ್ತದೆ ಎಂದು. ಬೇರೆ ಕಡೆ ಹುಡುಕಿದೆ. ಅಲ್ಲೂ ಅದೇ. ಬಟ್ಟಲು ನೋಡಿದೆ. ತಳದಲ್ಲಿ ಒಂದಿಷ್ಟೇ ಉಳಿದಿತ್ತು. ಎಷ್ಟು ಕಾಗದಕ್ಕೆ ಹೋಗಿತ್ತು, ಎಷ್ಟು ಹೊಟ್ಟೆಗೆ ಹೋಗಿತ್ತು?

ಉಳಿದ ಪುಡಿಯ ಪೊಟ್ಟಣ ಚೀಲಕ್ಕೆ ಹಾಕಿಕೊಂಡು ಅವಳ ಮನೆಗೆ ಹೋದೆ. ಬೀಗ. ತಾಯಿ ಮಗಳು ಇಬ್ಬರೂ ಹತ್ತಿ ಬಿಡಿಸಲು ಹೊಲಕ್ಕೆ ಹೋಗಿದ್ದಾರೆ ಎಂದು ಪಕ್ಕದ ಮನೆಯವರು ಹೇಳಿದರು. ಹಳ್ಳದಾಚೆ ಇದ್ದ ಆ ಹೊಲದವರೆಗೆ ನಡೆದೆನೋ ಓಡಿದೆನೋ ತಿಳಿಯದು. ಕರಿ ಮಣ್ಣಿನ ಬಿರುಕುಗಳಲ್ಲಿ ಚಪ್ಪಲಿ ಸಿಕ್ಕಿ ಎರಡು ಸಲ ಬಿದ್ದೆ. ದಾರಿಯುದ್ದಕ್ಕೂ ನನ್ನೊಳಗೆ ಒಂದು ಹೊಲಸು ಲೆಕ್ಕಾಚಾರ ನಡೆದಿತ್ತು. ಹುಡುಗಿ ಚೆನ್ನಾಗಿದ್ದರೆ ಏನೂ ಹೇಳದೆ ತಿರುಗಿ ಬರಬಹುದು. ಚೆನ್ನಾಗಿಲ್ಲದಿದ್ದರೂ ನಾನು ಹೇಳದೆ ಯಾರಿಗೂ ಗೊತ್ತಾಗುವುದಿಲ್ಲ. ಈ ಎರಡನೆಯ ಮಾತು ಬಂದಾಗ ನನ್ನ ಬಗ್ಗೆ ನನಗೇ ಹೆದರಿಕೆಯಾಯಿತು.

ಹುಡುಗಿ ಬೇವಿನ ನೆರಳಲ್ಲಿ ಮಂಡಿ ಮಡಚಿಕೊಂಡು ಮಲಗಿದ್ದಳು. ಎರಡು ಸಲ ವಾಂತಿಯಾಗಿತ್ತು. ತಾಯಿ ಒದ್ದೆ ಸೆರಗಿನಿಂದ ಅವಳ ಮುಖ ಒರೆಸುತ್ತಿದ್ದಳು.

"ಬಿಸಲ ಬಡದಾದ್ರಿ ಟೀಚರ್," ಅಂದಳು ತಾಯಿ. "ಹೊಟ್ಟಿ ನೋಯ್ತದ ಅಂತ ಅಳಾಕತ್ತಾಳ."

"ಬಿಸಲಲ್ಲವ್ವ. ನಾ ಕೊಟ್ಟ ಬಣ್ಣ. ಅದು ವಿಷ ಅದ. ನನಗ ಗೊತ್ತಿರಲಿಲ್ಲ."

ಅವಳು ನನ್ನನ್ನೇ ನೋಡಿದಳು. ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ. ಸೊಂಟಕ್ಕೆ ಕಟ್ಟಿದ್ದ ಹತ್ತಿಯ ಜೋಳಿಗೆ ಬಿಚ್ಚಿ ಒಗೆದು, "ಎತ್ಕೊಳ್ರಿ ಆಕಿನ, ನಾ ಮುಂದ ಹೋಗಿ ಗಾಡಿ ತರುಬತೀನಿ," ಎಂದು ರಸ್ತೆಯ ಕಡೆ ಓಡಿದಳು.

ಒಂಬತ್ತು ವರ್ಷದ ಮಗುವಿನ ಭಾರ ಅಂದು ನನಗೆ ತಿಳಿಯಿತು. ಟಂಟಂ ಆಟೊದಲ್ಲಿ ಕೆಂಭಾವಿಯ ಆಸ್ಪತ್ರೆ ತಲುಪುವಷ್ಟರಲ್ಲಿ ಅವಳು ಮತ್ತೊಮ್ಮೆ ವಾಂತಿ ಮಾಡಿದಳು, ನನ್ನ ಸೀರೆಯ ಮೇಲೆ. ಅದರಲ್ಲಿ ಹಳದಿ ಇದೆಯೇ ಎಂದು ನೋಡಲು ನನಗೆ ಧೈರ್ಯ ಬರಲಿಲ್ಲ. ಆಸ್ಪತ್ರೆಯ ವೈದ್ಯೆ ಪೊಟ್ಟಣ ಬಿಚ್ಚಿ ನೋಡಿ, ಎಷ್ಟು ಹೊತ್ತಾಯಿತು, ಎಷ್ಟು ಸಲ ಕುಂಚ ಬಾಯಿಗಿಟ್ಟಳು ಎಂದೆಲ್ಲ ಕೇಳಿದರು. ಅವಳೆದುರಿಗೇ ಕೂತಿದ್ದರೂ ನಾನು ನೋಡಿದ್ದು ಗೆರೆಯನ್ನು, ಬಾಯಿಯನ್ನಲ್ಲ. ವೈದ್ಯೆ ಸಲೈನ್ ಹಚ್ಚಿ, ಆಂಬುಲೆನ್ಸ್ ಕರೆಸಿ ಯಾದಗಿರಿಗೆ ಕಳಿಸಿದರು. ಹೊರಡುವಾಗ, "ಪುಡಿ ತಂದದ್ದು ಚಲೋ ಆತು, ಖರೇನೂ ಹೇಳಿದ್ರಿ. ಇಲ್ಲಾಂದ್ರ ಬಿಸಲಿನ ಔಷಧ ಕೊಟ್ಟು ಮನಿಗೆ ಕಳಸ್ತಿದ್ದೆ," ಅಂದರು.

ಯಾದಗಿರಿಯಲ್ಲಿ ನಾಲ್ಕು ದಿನ. ರಕ್ತ, ಮೂತ್ರ ಪರೀಕ್ಷೆಗೆ ಹೋದಾಗಲೆಲ್ಲ ವರದಿ ಬರುವವರೆಗೆ ನಾನು ಪ್ರಯೋಗಾಲಯದ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. ಎರಡನೆಯ ದಿನ ಹುಡುಗಿ ಕಣ್ಣು ಬಿಟ್ಟು, ಅಂಚು ಪೂರ್ತಿಯಾಗಲಿಲ್ಲ, ಬೈಯುತ್ತೀರಾ ಎಂದು ಕೇಳಿದಳು. ನಾನು ವರಾಂಡಕ್ಕೆ ಎದ್ದು ಹೋದೆ. ಮುಖ್ಯೋಪಾಧ್ಯಾಯರು ಫೋನು ಮಾಡಿ, ಇಲಾಖೆಗೆ ಕೊಡುವ ವರದಿಯಲ್ಲಿ ಬಣ್ಣದ ವಿಷಯ ಬೇಡ, ಮನೆಯ ಹಳಸಿದ ಊಟ ಎಂದು ಬರೆದರೆ ಶಾಲೆಗೂ ಒಳ್ಳೆಯದು, ನಿಮಗೂ ಒಳ್ಳೆಯದು ಎಂದರು. ಆ ಮನೆಯಲ್ಲಿ ಬೆಳಗಿನ ರೊಟ್ಟಿಯನ್ನು ಆ ತಾಯಿಯೇ ಬಡಿದಿದ್ದಳು. ಅವಳ ರೊಟ್ಟಿಯ ಮೇಲೆ ನನ್ನ ತಪ್ಪು ಹೊರಿಸಲು ಆಗಲಿಲ್ಲ. ಇದ್ದದ್ದನ್ನು ಇದ್ದಂತೆ ಬರೆದು ಕೊಟ್ಟೆ. ನೋಟಿಸು ಬಂತು, ವಿಚಾರಣೆ ನಡೆಯಿತು, ಆ ವರ್ಷದ ವೇತನ ಬಡ್ತಿ ನಿಂತಿತು. ಅದಕ್ಕೆ ನನಗೆ ದುಃಖವಾಗಲಿಲ್ಲ. ಹೆದರಿಕೆ ಇದ್ದದ್ದು ಬೇರೆ ಕಡೆ. ಹೊಟ್ಟೆಗೆ ಹೋದದ್ದು ಕಡಿಮೆ, ಮೂತ್ರಪಿಂಡಕ್ಕೆ ಏನೂ ಆಗಿಲ್ಲ ಎಂದು ವೈದ್ಯರು ಹೇಳಿ ಮನೆಗೆ ಕಳಿಸಿದ ಮೇಲೂ, ಅವಳು ಎರಡು ದಿನ ಶಾಲೆಗೆ ಬರದಿದ್ದರೆ ಅವಳ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ.

ಕೆಲವು ತಿಂಗಳು ಚಿತ್ರದ ಅವಧಿಯಲ್ಲಿ ಗಣಿತ ಮಾಡಿದೆ. ಮಕ್ಕಳು ಕೇಳಿ ಕೇಳಿ ಸುಮ್ಮನಾದರು. ಕೊನೆಗೆ ಒಂದು ಶುಕ್ರವಾರ, ನಾಳೆ ಬರೀ ಇದ್ದಿಲಿನಿಂದ ಬಿಡಿಸೋಣ ಎಂದು ಹೇಳಿ, ಶನಿವಾರ ಕಾಗದ ಹಂಚಿದೆ. ಅಷ್ಟರಲ್ಲಿ ಬಾಗಿಲಲ್ಲಿ ಆ ತಾಯಿ ನಿಂತಿದ್ದಳು. ಮಗಳು ಮನೆಯಲ್ಲಿ ಹೇಳಿರಬೇಕು. ಮಗಳನ್ನು ಕರೆದುಕೊಂಡು ಹೋಗಲು ಬಂದಳು ಅಂದುಕೊಂಡೆ. ಅವಳು ಒಳಗೆ ಬಂದು, ಹಿಂದಿನ ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಅವಧಿ ಮುಗಿಯುವವರೆಗೆ ಮಗಳ ಕೈಯನ್ನಲ್ಲದೆ ಬೇರೇನನ್ನೂ ನೋಡಲಿಲ್ಲ. ನಾನೂ ಅಷ್ಟೇ.

ಗಂಟೆಯಾದ ಮೇಲೆ ಅವಳು ಎದ್ದು ನನ್ನ ಹತ್ತಿರ ಬಂದಳು.

"ಮುಂದಿನ ವಾರ ನನಗ ಬರಾಕ ಆಗಾಂಗಿಲ್ರಿ, ಹೊಲದಾಗ ಕೆಲಸ ಅದ," ಅಂದಳು. "ನೀವ ನೋಡ್ಕೊಳ್ರಿ."

ನಾನು ಹೂಂ ಅಂದೆ. ಅವಳು ಮಗಳ ಮಸಿ ಹತ್ತಿದ ಬೆರಳುಗಳನ್ನು ನಲ್ಲಿಯ ಕೆಳಗೆ ಹಿಡಿದು, ಒಂದೊಂದನ್ನೇ ಉಜ್ಜಿ ತೊಳೆದು, ಕರೆದುಕೊಂಡು ಹೋದಳು.