ಬಾನೆಟ್ ಕೆಳಗಿನ ಅರಳೆ

ನಿಮ್ಮ ಅಪ್ಪ, ಅಂದರೆ ನನ್ನ ಮಗ, ಆ ಸ್ಪೋರ್ಟ್ಸ್ ಕಾರು ತಂದಾಗ ನೀವಿನ್ನೂ ಚಿಕ್ಕವರು. ಎರಡೇ ಬಾಗಿಲಿನ, ನೆಲಕ್ಕೆ ಕುಕ್ಕರಿಸಿದಂತಿದ್ದ ಹಳೆಯ ಗಾಡಿ. ಇಂಥ ಕಾರಿನವರೆಲ್ಲ ಒಂದು ಭಾನುವಾರ ಬಳ್ಳಾರಿಯಲ್ಲಿ ಸೇರುವವರಿದ್ದರು. ಅಲ್ಲಿ ಬಾನೆಟ್ ಎತ್ತಿ ತನ್ನ ಇಂಜಿನ್ ತೋರಿಸಬೇಕೆಂದು ಅವನಿಗೆ ಹಟ. ಅದಕ್ಕಾಗಿ ಇಂಜಿನ್ನಿಗೆ ಗಾಳಿ ಸೋಸುವ ಕಂಪನಿಯ ಮುಚ್ಚಿದ ಡಬ್ಬಿಯನ್ನು ಕಿತ್ತು, ಹೊಳೆಯುವ ದಪ್ಪ ಪೈಪು, ಅದರ ತುದಿಗೆ ಬಯಲಾಗಿ ಕೂರುವ ಏರ್ ಫಿಲ್ಟರ್ ತರಿಸಿದ್ದ.

ಮೆಕ್ಯಾನಿಕ್ ನಮ್ಮ ಅಂಗಳದಲ್ಲೇ ಕೆಲಸಕ್ಕೆ ನಿಂತ. ಪೈಪು ಕೂರಲಿಲ್ಲ, ಬಾನೆಟ್ ಮುಚ್ಚಲಿಲ್ಲ. ಹಳೆಯ ಡಬ್ಬಿ ಕೂರುತ್ತಿದ್ದ ಕಬ್ಬಿಣದ ಕಾಲುಗಳನ್ನು ಕತ್ತರಿಸಿ ಜಾಗ ಮಾಡಿದರು. ಆಮೇಲೆ ಡಬ್ಬಿಯೂ ಗುಜರಿಗೆ ಹೋಯಿತು. ಬುಧವಾರ ಗಾಡಿ ಗುಡುಗಿದಂತೆ ಶುರುವಾಯಿತು. ನಿಮ್ಮ ಅಪ್ಪ ಕುಣಿದಾಡಿಬಿಟ್ಟ. ಹತ್ತಿ ಮಾರ್ಕೆಟ್ ಸುತ್ತಿ ಬರುವಷ್ಟರಲ್ಲಿ ಅದೇ ಗಾಡಿ ಉಬ್ಬಸದವರಂತೆ ಏದುಸಿರು ಬಿಡುತ್ತಿತ್ತು.

"ಏಂ ಕಾದಣ್ಣಾ, ಏನೂ ಆಗಿಲ್ಲ, ಸೆನ್ಸರ್ ಹೋಗೈತಿ ಅಷ್ಟ," ಅಂದ ಮೆಕ್ಯಾನಿಕ್.

ಸೆನ್ಸರ್ ಬದಲಾಯಿತು. ಮರುದಿನ ಪ್ಲಗ್. ಆಮೇಲೆ ಪೆಟ್ರೋಲೇ ಕಲಬೆರಕೆ ಎಂದರು.

ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಫಿಲ್ಟರಿನ ಮಡಿಕೆಗಳಲ್ಲಿ ಬಿಳಿ ಅರಳೆ ಕೂತಿತ್ತು. ಹತ್ತಿ ಬರುವ ಕಾಲ. ನಮ್ಮ ಮನೆ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಯ ಹಿಂದೆಯೇ. ನಮ್ಮ ಆದವಾನಿಯಲ್ಲಿ ಅರಳೆ ಯಾರ ಕಣ್ಣಿಗೂ ಬೀಳುವುದಿಲ್ಲ. ತಲೆಯ ಮೇಲೆ, ಒಣಗಿಸಿದ ಬಟ್ಟೆಯ ಮೇಲೆ, ಅನ್ನದ ಮೇಲೆ ಇರುವಂಥದೇ. ಮೆಕ್ಯಾನಿಕ್ ಮೇಲಿನದನ್ನು ಅಂಗೈಯಿಂದ ಒರೆಸಿ ಮತ್ತೆ ಸೆನ್ಸರಿನ ಮಾತಾಡುತ್ತಿದ್ದ. ನಿಮ್ಮ ತಾತ ಆ ಫ್ಯಾಕ್ಟರಿಯಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದರು. ಅದು ಗಾಳಿ ಎಳೆಯುವ ಬಾಯಿಗೆ ತೆಳು ಬಟ್ಟೆ ಕಟ್ಟಿ, ದಿನಕ್ಕೆ ಮೂರು ಸಲ ಬಿಚ್ಚಿ ಕೊಡವುತ್ತಿದ್ದರು. ಬುತ್ತಿ ಒಯ್ದಾಗ ಎಷ್ಟೋ ಸಲ ನಾನೇ ಕೊಡವಿದ್ದೇನೆ.

ಪರ ಗಂಡಸಿನ ಮುಂದೆ ಹೊರಗೆ ಬಂದು ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಶುಕ್ರವಾರ ಊಟಕ್ಕೆ ಬಡಿಸುವಾಗ ಶುರು ಮಾಡಿದೆ.

"ಆ ಹೊಸಾದು ಐತಲ್ಲ, ನಿಮ್ಮಪ್ಪ ಇದ್ದಾಗ ಫ್ಯಾಕ್ಟರ್‍ಯಾಗ..."

"ಅವ್ವಾ, ಇದು ಜಿನ್ನಿನ ಇಂಜಿನ್ ಅಲ್ಲ. ಸಾರು ಹಾಕು."

ಸಾರು ಹಾಕಿದೆ. ಅವನ ಮೇಲಿನ ಸಿಟ್ಟಿಗಿಂತ, ಅಷ್ಟಕ್ಕೇ ಸುಮ್ಮನಾದ ನನ್ನ ಮೇಲೇ ಹೆಚ್ಚು ಸಿಟ್ಟು.

ಶನಿವಾರ ಸಂಜೆ ಮೆಕ್ಯಾನಿಕ್ ಇಂಜಿನ್ನನ್ನೇ ಇಳಿಸೋಣ ಎಂದಾಗ ತಡೆಯಲಾಗಲಿಲ್ಲ. ಸೆರಗು ಹೊದ್ದು ಹೊರಗೆ ಬಂದು ಫಿಲ್ಟರಿಗೆ ಬೆರಳು ತೋರಿಸಿದೆ. "ಅದನ್ನ ಬಿಚ್ಚಿ ಒಳಗ ನೋಡ್ರಿ."

ಬಿಚ್ಚಿದರು. ಮಡಿಕೆಯ ಬುಡದಿಂದ ಅರಳೆ ಎಳೆದಷ್ಟೂ ಬಂತು, ಫಿಲ್ಟರಿಗೆ ಹಚ್ಚಿದ್ದ ಎಣ್ಣೆ ಕುಡಿದು ಕಪ್ಪಾಗಿ, ದೀಪಕ್ಕೆ ಬತ್ತಿ ಹೊಸೆಯಬಹುದಿತ್ತು.

"ಅಮ್ಮಾರ, ನಾಲ್ಕ್ ದಿನ ಎಲ್ಲಿ ಹೋಗಿದ್ರಿ?" ಎಂದು ಮೆಕ್ಯಾನಿಕ್ ನಕ್ಕ.

ನಿಮ್ಮ ಅಪ್ಪ ನಗಲಿಲ್ಲ. "ಗೊತ್ತಿದ್ರ ಜೋರಾಗಿ ಹೇಳಬೇಕಿಲ್ಲೇನವ್ವ?"

ತೊಳೆದ ಫಿಲ್ಟರ್ ಬೆಳಗಾದರೂ ಒಣಗಲಿಲ್ಲ. ಫ್ಯಾನಿನ ಗಾಳಿಗಿಟ್ಟರೆ ಮತ್ತೆ ಅರಳೆ ಬಂದು ಅಂಟಿತು. ಹಾಕೋಣವೆಂದರೆ ಹಳೆಯ ಡಬ್ಬಿ ಇರಲಿಲ್ಲ. ಬಳ್ಳಾರಿ ತಪ್ಪಿತು. ಭಾನುವಾರ ಒಗೆದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಪ್ಪ ಅಂಗಳದಲ್ಲಿ ಆ ಕಾರೊಳಗೇ ಕೂತಿದ್ದ. ಚಹಾ ಒಯ್ದು ಕೊಟ್ಟೆ.

"ಇನ್ನೇನರ ಇದ್ರ ಈಗಽ ಹೇಳಿಬಿಡು," ಅಂದ, ನನ್ನ ಮುಖ ನೋಡದೆ.

"ಆ ಹೊಸ ಪೈಪು ಇಂಜಿನ್ ಫ್ಯಾನಿಗೆ ತಾಗಿ ಸವೆಯಾಕ ಹತ್ತೈತಿ," ಅಂದೆ. "ಬುಧವಾರದಿಂದ ನೋಡಾಕ ಹತ್ತೀನಿ."

ಲೋಟವನ್ನು ಕಾರಿನ ತಲೆಯ ಮೇಲಿಟ್ಟು, ಇಳಿದು ಬಾನೆಟ್ ಎತ್ತಿದ.