ಏಣಿಗೆ ಎಟುಕದ ಪೈನ್

ನಮ್ಮ ತೋಟದ ಮೇಸ್ತ್ರಿಯ ಅಂಗೈ ಗೆರೆಗಳಲ್ಲಿ ಪೈನ್ ಮರದ ಅಂಟು ಕಪ್ಪಗೆ ಕೂತಿರುತ್ತಿತ್ತು. ಅದು ಸೋಪಿಗೆ ಜಗ್ಗುತ್ತಿರಲಿಲ್ಲ. ಊಟಕ್ಕೆ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿ, ಮೇಲೆ ಒಂದು ಹಿಡಿ ತೌಡು ಹಾಕಿ ತಿಕ್ಕುತ್ತಿದ್ದರು. ಆಮೇಲೂ ಅವರು ಕೊಟ್ಟ ಎಲೆಯಡಿಕೆಯಲ್ಲಿ ಪೈನ್ ವಾಸನೆ ಇದ್ದೇ ಇರುತ್ತಿತ್ತು. ಅಂಗಿಯ ಜೇಬಿನಲ್ಲಿ ಬೀಡಿ ಕಟ್ಟಿನ ಪಕ್ಕ ಸದಾ ಒಂದು ಪೈನ್ ಚಕ್ಕೆ. ಮಳೆಗಾಲದಲ್ಲಿ ಸೌದೆಯೆಲ್ಲ ನೆನೆದು ಬರೀ ಹೊಗೆಯಾಡುವಾಗ ಆ ಅಂಟು ಚಕ್ಕೆಗೆ ಕಡ್ಡಿ ಗೀರಿ ಆಳುಗಳಿಗೆ ಟೀ ಕಾಯಿಸುತ್ತಿದ್ದರು. ಟೀಯೇ. ಜೀವಮಾನವೆಲ್ಲ ಕಾಫಿ ತೋಟದಲ್ಲಿ ದುಡಿದ ಮನುಷ್ಯ ಕಾಫಿ ಮುಟ್ಟಿದವರಲ್ಲ. "ಅದನ್ನ ಸಾಕೋ ಕಷ್ಟ ನೋಡಿದವ್ನಿಗೆ ಕುಡಿಯೋಕೆ ಮನಸ್ಸು ಬರುತ್ತಾ ಗೌಡ್ರೇ?" ಎನ್ನುತ್ತಿದ್ದರು.

ಅತ್ತಿಗುಂಡಿಯ ಹತ್ತಿರ ನಮ್ಮದೊಂದು ಸಣ್ಣ ತೋಟ. ಅದರ ಪಡುವಣ ಅಂಚಿನಲ್ಲಿ ಒಂಬತ್ತು ಪೈನ್ ಮರಗಳಿದ್ದವು. ಗುಡ್ಡದ ಗಾಳಿ ಕಾಫಿಗೂ ಆಳುಗಳ ಲೈನ್ ಮನೆಗಳಿಗೂ ನೇರ ಬಡಿಯದಿರಲಿ ಎಂದು ಅಪ್ಪನ ಕಾಲದಲ್ಲಿ ಮೇಸ್ತ್ರಿಯೇ ನೆಟ್ಟದ್ದು. ಅವರ ಮನೆ ಆ ಸಾಲಿನ ಬುಡದಲ್ಲೇ ಇತ್ತು. ಗಾಳಿ ಬಂದಾಗ ಮರಗಳು ಸುಂಯ್ ಎನ್ನುತ್ತಿದ್ದವು. ಆ ಸದ್ದು ಕೇಳದಿದ್ದರೆ ಊಟವೂ ಸೇರದು ಎಂದು ಅವರ ಹೆಂಡತಿ ತಮಾಷೆ ಮಾಡುತ್ತಿದ್ದರು.

ಮಳೆಗೆ ಮುಂಚೆ ನೆರಳಿನ ಮರಗಳ ಕೊಂಬೆ ಸವರಿ ಕಾಫಿಗೆ ಬೆಳಕು ಬಿಡುವುದಕ್ಕೆ ನಮ್ಮ ಕಡೆ ಮರಗಸಿ ಎನ್ನುತ್ತಾರೆ. ಅದರಲ್ಲಿ ಮೇಸ್ತ್ರಿಯನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಇಳಿದ ಮೇಲೆ ಕತ್ತು ವಾರೆ ಮಾಡಿ, ಕಟಿಂಗ್ ಶಾಪಿನವನ ಹಾಗೆ, ಮರವನ್ನು ಒಂದು ಸುತ್ತು ನೋಡುತ್ತಿದ್ದರು. ನಮ್ಮ ಸಿಲ್ವರ್ ಓಕ್ ಮರದ ತಲೆ ಕಡಿದರೂ ಮುಂದಿನ ವರ್ಷಕ್ಕೆ ಪೊದೆಯಾಗಿ ಚಿಗುರಿರುತ್ತದೆ. ಅದನ್ನೇ ನೋಡಿಕೊಂಡು ಬೆಳೆದವನು ನಾನು. ಅಪ್ಪ ತೀರಿಕೊಂಡು ಯಜಮಾನಿಕೆ ನನ್ನ ಕೈಗೆ ಬಂದ ಎರಡನೇ ವರ್ಷ, ಪೈನ್ ಕೆಳಗಿನ ಗಿಡಗಳಲ್ಲಿ ಫಸಲು ಕಡಿಮೆಯಾಗಿದೆ ಎಂದು, ಒಂಬತ್ತು ಮರಗಳ ತಲೆಯನ್ನೂ ತೆಗೆಯಲು ಹೇಳಿದೆ.

"ಇದು ಸಿಲ್ವರ್ ಅಲ್ಲ ಗೌಡ್ರೇ. ತಲೆ ತೆಗೆದ್ರೆ ತಿರ್ಗಿ ಚಿಗ್ರಲ್ಲ. ಗಾಯಕ್ಕೆ ಹುಳ ಬರುತ್ತೆ."

"ಮರ ಅಂದ್ಮೇಲೆ ಚಿಗುರ್ದೆ ಇರುತ್ತಾ ಮೇಸ್ತ್ರಿ? ನಿಮ್ ಕೈಲಿ ಆಗ್ದಿದ್ರೆ ಹೇಳಿ, ಬಣಕಲ್ ಕಡೆಯಿಂದ ಆಳು ಕರೆಸ್ತೀನಿ."

ಈ ಮಾತು ಆಡಿದ ನಾಲಿಗೆ ಈಗಲೂ ನನ್ನ ಬಾಯಲ್ಲೇ ಇದೆ. ಮೇಸ್ತ್ರಿ, "ಬೇರೆಯವ್ರು ಯಾಕೆ? ನೆಟ್ಟೋನು ನಾನೇ, ಕಡಿಯೋನೂ ನಾನೇ ಆಗ್ಲಿ" ಎಂದು ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಎಂಟು ಮರ ಹತ್ತಿ ಇಳಿದರು. ಯಾವುದನ್ನೂ ಸುತ್ತು ಹಾಕಿ ನೋಡಲಿಲ್ಲ. ಒಂಬತ್ತನೆಯದು ಅವರ ಮನೆಯ ಪಕ್ಕದ್ದು. "ಏಣಿ ಎಟುಕ್ಲಿಲ್ಲ" ಎಂದರು. ಅದೇ ಏಣಿಯಲ್ಲಿ ಅದಕ್ಕಿಂತ ಎತ್ತರದ ಸಿಲ್ವರ್ ಮರಗಳನ್ನು ಅವರು ಹತ್ತಿದ್ದನ್ನು ನಾನೇ ನೋಡಿದ್ದೆ. ಮುದುಕರ ಹಟ, ಇರಲಿ ಎಂದು ಸುಮ್ಮನಾದೆ.

ಮುಂದಿನ ಬೇಸಿಗೆಗೆ ಮೊದಲ ಮರದ ಎಲೆಯೆಲ್ಲ ಕೆಂಪಾಯಿತು. ತೊಗಟೆಯ ಬಿರುಕುಗಳಲ್ಲಿ ಕಾಫಿಪುಡಿಯಂಥ ಹೊಟ್ಟು. ಎಬ್ಬಿಸಿ ನೋಡಿದರೆ ಒಳಗೆ ಅಕ್ಕಿಕಾಳಿನ ಗಾತ್ರದ ಕರಿಹುಳಗಳು. ಅರೇಬಿಕಾ ಗಿಡಕ್ಕೆ ಕಾಂಡಕೊರಕ ಬಂದಾಗ ಮಾಡುವಂತೆ ಬೊಡ್ಡೆಗೆಲ್ಲ ಸುಣ್ಣ ಬಳಿಸಿದೆ. ನಮಗೆ ಗೊತ್ತಿದ್ದ ಮದ್ದು ಅದೊಂದೇ. ಬಂದು ನೋಡಿದ ತಜ್ಞರು, ಹುಳ ಒಳಹೊಕ್ಕ ಮೇಲೆ ಮದ್ದಿಲ್ಲ, ಹಿಡಿದ ಮರಗಳನ್ನು ಬೇಗ ಕಡಿದು ತೊಗಟೆ ಸುಟ್ಟರೆ ಉಳಿದವು ಬದುಕಬಹುದು ಎಂದರು. ಸಿಲ್ವರ್ ಕಡಿಯಲು ಯಾರನ್ನೂ ಕೇಳಬೇಕಿಲ್ಲ; ಪೈನಿಗೆ ಪರವಾನಗಿ ಬೇಕೋ ಬೇಡವೋ ಎಂದು ಹೇಳುವವರೇ ಸಿಗಲಿಲ್ಲ. ನನ್ನ ಅರ್ಜಿ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಹುಳ ಮರದಿಂದ ಮರಕ್ಕೆ ಹೋಗಿತ್ತು. ಕಡಿಸುವ ಹೊತ್ತಿಗೆ ಎಂಟೂ ಸತ್ತಿದ್ದವು. ಮೂಡಿಗೆರೆಯ ಟಿಂಬರಿನವರು ಕೊಯ್ದ ತುದಿ ನೋಡಿ, "ಮರಕ್ಕೆ ನೀಲಿ ಬೂಷ್ಟು ಹತ್ತಿದೆ. ಪ್ಯಾಕಿಂಗ್ ಪೆಟ್ಟಿಗೆಗೂ ಆಗಲ್ಲ" ಎಂದು ಹೊರಟುಹೋದರು. ಇನ್ನಷ್ಟು ವರ್ಷ ಬಿಟ್ಟಿದ್ದರೆ ಒಂದು ಬಂಗಲೆಗಾಗುವಷ್ಟು ಹಲಗೆ ಸಿಗುತ್ತಿತ್ತು ಎಂದು ಮೇಸ್ತ್ರಿ ಯಾರಿಗೋ ಹೇಳುವಂತೆ ಹೇಳಿದರು. ದಿಮ್ಮಿಗಳನ್ನು ಶೆಡ್ಡಿಗೆ ಹಾಕಿಸಿದೆವು.

"ಒಂದ್ಸಲ ಬೈದುಬಿಡಿ ಮೇಸ್ತ್ರಿ" ಎಂದೆ.

"ಬೈದ್ರೆ ಚಿಗುರುತ್ತಾ?" ಎಂದರು. ಅಷ್ಟೇ.

ಆಮೇಲೆ ಅವರು ದಿನಾ ಬೆಳಿಗ್ಗೆ ಒಂಬತ್ತನೆಯ ಮರದ ತೊಗಟೆಯನ್ನು ಕೈಯಿಂದ ಸವರಿ, ಹೊಟ್ಟು ಇದೆಯೇ ಎಂದು ಅಂಗೈ ನೋಡಿಕೊಳ್ಳುತ್ತಿದ್ದರು. ಮಳೆ ಹಿಡಿಯುವ ಮುಂಚೆ ಎದೆಗೆ ಕಫ ಕಟ್ಟಿ ಮಲಗಿದರು. ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದರು, ಮಾಡುವುದೇನೂ ಉಳಿದಿರಲಿಲ್ಲ. ಸಾಲು ಹೋದ ಮೇಲೆ ಗುಡ್ಡದ ಗಾಳಿ ನೇರವಾಗಿ ಅವರ ಕೋಣೆಗೇ ನುಗ್ಗುತ್ತಿತ್ತು. ನಾನು ಹೋದಾಗಲೆಲ್ಲ ಒಂದೇ ಪ್ರಶ್ನೆ: "ನಮ್ದು ಹಸ್ರಾಗಿದೆಯಾ?"

"ಇದೆ ಮೇಸ್ತ್ರಿ" ಎನ್ನುತ್ತಿದ್ದೆ. ಅದರ ತುದಿ ಆಗಲೇ ಕೆಂಪಾಗಿತ್ತು. ಎಲೆ ಪೂರ್ತಿ ಉದುರಿದ ಮೇಲೂ ಹಾಗೆಯೇ ಹೇಳಿದೆ. ಆ ದಿನ ಜೋರು ಗಾಳಿಯಿತ್ತು. ಅವರು ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡರು.

"ಎಲೆ ಇದ್ರೆ ಸುಂಯ್ ಅನ್ಬೇಕಿತ್ತು ಗೌಡ್ರೇ. ಈಗ ಬರೀ ಕಡ್ಡಿ ಬಡಿಯೋ ಸದ್ದು" ಎಂದರು. ಆಮೇಲೆ ಅವರೇ ನನ್ನ ಕೈ ಹಿಡಿದು, "ಇರ್ಲಿ ಬಿಡಿ. ನೀವು ಹೇಳಿದ್ರಿ, ನಾನು ಹತ್ತಿದೆ" ಎಂದರು. ಅರ್ಧ ತಪ್ಪನ್ನು ಸುಮ್ಮನೆ ತಮ್ಮ ಮೇಲೆ ಹಾಕಿಕೊಂಡರು.

ಮೂರನೇ ದಿನ ಹೋದರು. ಮಳೆ ಬಿಡಲಿಲ್ಲ. ಚಿತೆಗೆ ಒಟ್ಟಿದ ಸೌದೆ ಎಷ್ಟು ಹೊತ್ತಾದರೂ ಹೊಗೆಯಾಡುತ್ತಿತ್ತೇ ಹೊರತು ಹತ್ತಲಿಲ್ಲ. ಅವರ ಮಗ ಹತ್ತಿಸಲು ಏನಾದರೂ ಸಿಗುವುದೇ ಎಂದು ಹುಡುಕಾಡುತ್ತ ನನ್ನ ಮುಖ ನೋಡಿದ. ಶೆಡ್ಡಿಗೆ ಹೋಗಿ ಆಳುಗಳ ಜೊತೆ ನಾನೂ ಆ ಪೈನ್ ದಿಮ್ಮಿಗಳನ್ನು ಹೊತ್ತು ತಂದೆ. ಅವರು ನೆಟ್ಟು, ನಾನು ಕಡಿಸಿದ ಮರಗಳು ಮಳೆಯಲ್ಲೇ ಧಗ್ಗನೆ ಹತ್ತಿಕೊಂಡವು.

ಮನೆಗೆ ಬಂದು ನೋಡಿದರೆ ಅಂಗೈ ತುಂಬ ಅಂಟು. ಕೊಬ್ಬರಿ ಎಣ್ಣೆ ಹಚ್ಚಿದೆ, ತೌಡು ಹಾಕಿದೆ. ಗೆರೆಗಳಲ್ಲಿ ಕೂತದ್ದು ಹೋಗಲಿಲ್ಲ. ನಾನೂ ಹೆಚ್ಚು ತಿಕ್ಕಲಿಲ್ಲ.