ಎರಡಿಂಚು ಹೆಚ್ಚಿನ ವೈರು

ನಮ್ಮ ಚಿಕ್ಕಪ್ಪ ನಲವತ್ತು ವರ್ಷ ಬಟ್ಟೆ ಹೊಲಿದ ದರ್ಜಿ. ಅಂಗಡಿಯನ್ನು ಮಗಳಿಗೆ ಒಪ್ಪಿಸಿದ ಮೇಲೆ ಅವರಿಗೆ ರೇಡಿಯೋ ಕಟ್ಟುವ ಹುಚ್ಚು ಹಿಡಿಯಿತು. ಅಳೆದೂ ಸುರಿದೂ ಕೊನೆಗೆ ಹಳೆಯ ಕಟಿಂಗ್ ಟೇಬಲನ್ನು ಮನೆಯ ಕಿಟಕಿಯ ಪಕ್ಕ ಹಾಕಿಸಿಕೊಂಡರು. ಗುಂಡಿಯ ಡಬ್ಬಿಗಳಿಗೆ ಕೆಪ್ಯಾಸಿಟರ್‌ಗಳು ಬಂದವು, ಬಾಬಿನ್‌ಗಳಿಗೆ ವೈರು ಸುತ್ತಿಕೊಂಡಿತು, ಸೂಜಿ ಚುಚ್ಚುವ ದಿಂಬಿನ ಮೇಲೆ ರೆಸಿಸ್ಟರ್‌ಗಳು ಒಂಟಿಕಾಲಲ್ಲಿ ನಿಂತವು.

ಮೊದಲ ದಿನವೇ ಬೆರಳಿಗೆ ಎಂಜಲು ಹಚ್ಚಿ, ಇಸ್ತ್ರಿಪೆಟ್ಟಿಗೆಯನ್ನು ಮುಟ್ಟಿ ನೋಡುವಂತೆ ಸೋಲ್ಡರಿಂಗ್ ಕಡ್ಡಿಯನ್ನು ಮುಟ್ಟಿ ನೋಡಿದರು. ಕಾದಿತ್ತು.

"ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತಾರೆ. ಈಗ ಸುಟ್ಟೂ ನೋಡಿದ್ದಾಯ್ತು," ಎನ್ನುತ್ತ ಚಿಕ್ಕಮ್ಮ ಬೆರಳಿಗೆ ತಣ್ಣೀರು ಸುರಿದರು.

ನಿಜಕ್ಕೂ ಹೋಗಿರಲಿಲ್ಲ. ರೇಡಿಯೋ ಮುಗಿದಾಗ ಡಬ್ಬಿಯ ಮುಚ್ಚಳ ಕೂರಲಿಲ್ಲ. ಇಣುಕಿದರೆ, ಪ್ರತಿ ವೈರನ್ನೂ ಎರಡಿಂಚು ಹೆಚ್ಚಿಗೆ ಬಿಟ್ಟು ಅಂದವಾಗಿ ಒಳಕ್ಕೆ ಮಡಚಿದ್ದರು.

"ಇದ್ಯಾಕೆ ಚಿಕ್ಕಪ್ಪ?" ಎಂದೆ.

"ಒಳಗೆ ಸ್ವಲ್ಪ ಬಿಟ್ಟಿರ್ಬೇಕು ಕಣೋ. ನಾಳೆ ದಪ್ಪ ಆದ್ರೆ ಬಿಚ್ಚೋಕೆ ಬೇಕಲ್ವಾ?"

ರೇಡಿಯೋ ದಪ್ಪ ಆಗುತ್ತದೆಯೇ! ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಅವರು ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಹಾಕಿದರು.

ವಾರ ಕಳೆಯುವುದರೊಳಗೆ ಚಿಕ್ಕಮ್ಮನ ತಕರಾರು ಬಂತು: "ದನಿ ಸೊಳ್ಳೆ ಥರ ಇದೆ, ಒಲೆ ಹತ್ರ ಕೇಳಿಸಲ್ಲ." ದೊಡ್ಡ ಸ್ಪೀಕರ್ ಬೇಕಾಯಿತು, ಅದಕ್ಕೊಂದು ದೊಡ್ಡ ಪೆಟ್ಟಿಗೆ ಬೇಕಾಯಿತು. "ವೈರೆಲ್ಲ ಹೊಸದಾಗಿ ಹಾಕ್ಬೇಕು," ಎಂದು ನಾನು ಮಹಾ ಪಂಡಿತನಂತೆ ಹೇಳಿದೆ. ಚಿಕ್ಕಪ್ಪ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿದರು. ಎಲ್ಲವೂ ಹೇಳಿ ಮಾಡಿಸಿದಂತೆ ಎಟುಕಿದವು.

ಆಮೇಲೆ ಕನ್ನಡಕದ ಮೇಲಿಂದ ನನ್ನ ಹೊಟ್ಟೆಯನ್ನೊಮ್ಮೆ ನೋಡಿ, "ನಿನ್ನ ಪ್ಯಾಂಟಿನ ಸೊಂಟ ಎಷ್ಟು ಸಲ ಸಡಿಲ ಮಾಡ್ಕೊಟ್ಟಿದ್ದೀನಿ, ಹೇಳು?" ಎಂದರು.